ಕಾಲಿಂಗ್ ಬೆಲ್ ಆಟ

ದುಗ್ಗುವಿನ ತಟ್ಟೆಯ ಅಡಿಯಲ್ಲಿ ಉಗುರುಬಣ್ಣದ ಒಂದು ಕೆಂಪು ಬೊಟ್ಟು ಇತ್ತು. ಲೋಟದ ಅಡಿಯಲ್ಲೂ ಇತ್ತು. ಗ್ರೆಟ್ಟಾ ಬಾಯಿ ಮೊದಲ ದಿನವೇ ತನ್ನ ಬಾಟಲಿಯಿಂದ ಅದನ್ನು ಹಚ್ಚಿ, ಒಣಗುವ ತನಕ ಊದಿ, ಸಿಂಕಿನ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದಳು. ಮನೆಯ ತಟ್ಟೆಗಳ ಜೊತೆ ಬೆರೆಯಬಾರದು, ಅಷ್ಟೇ, ಬೇರೆ ಏನೂ ಇಲ್ಲ ಎಂದಿದ್ದಳು. ಬೇರೆ ಏನೂ ಇಲ್ಲ ಎನ್ನುವವರ ಮನಸ್ಸಿನಲ್ಲಿ ಎಲ್ಲವೂ ಇರುತ್ತದೆ.

ದುಗ್ಗುವಿಗೆ ಇದು ಹೊಸತೇನೂ ಅಲ್ಲ. ಅವಳ ಅಪ್ಪ ಗಿರಿಯಪ್ಪ ಕಿನ್ನಿಗೋಳಿಯ ಕಡೆ ಪೊರ್ಬುಗಳ ಗದ್ದೆಯಲ್ಲಿ ದುಡಿದು, ಅವರ ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತೆಂಗಿನ ಗೆರಟೆಯಲ್ಲಿ ಚಹಾ ಕುಡಿದವನು. ಅವಳ ಕೇರಿಯವರು ಕ್ರಿಶ್ಚಿಯನ್ ಒಡೆಯರನ್ನು ಪೊರ್ಬು ಎನ್ನುತ್ತಾರೆ, ಅವರ ಹೆಂಗಸರನ್ನು ಬಾಯಿ ಎನ್ನುತ್ತಾರೆ. ಸಮುದ್ರ ದಾಟಿ ಕತಾರಿಗೆ ಬಂದರೂ ಆ ಗೆರಟೆ ಬೆನ್ನು ಬಿಡಲಿಲ್ಲ. ಇಲ್ಲಿ ಸ್ಟೀಲಿನದಾಯಿತು, ಅಷ್ಟೇ ವ್ಯತ್ಯಾಸ.

ಅವಳ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಐದು ವರ್ಷ ಅವಳು ಕತಾರಿನ ದೋಹಾದಲ್ಲಿ, ಬಿನ್ ಒಮ್ರಾನಿನ ಎರಡು ಕೋಣೆಯ ಫ್ಲಾಟಿನಲ್ಲಿ ಇದೇ ಗ್ರೆಟ್ಟಾಳ ನಾದಿನಿಯ ಜೊತೆ ಒಂದೇ ತಟ್ಟೆಯಲ್ಲಿ ಉಂಡಿದ್ದಳು. ನಾದಿನಿಯ ಹೆಸರು ಸೆಲೆಸ್ಟಿನ್. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಒಂದೇ ತಟ್ಟೆ, ಒಂದೇ ಹಾಸಿಗೆ, ಇಬ್ಬರಿಗೂ ಸೇರಿ ಒಂದೇ ಮಗು. ಆ ಸೆಲೆಸ್ಟಿನ್ ಸತ್ತು ಹತ್ತು ದಿನವೂ ಆಗಿರಲಿಲ್ಲ, ಅಷ್ಟರಲ್ಲಿ ದುಗ್ಗುವಿನ ತಟ್ಟೆಗೆ ಬೊಟ್ಟು ಬಿತ್ತು.

ಇಬ್ಬರೂ ಜೊತೆಯಾದದ್ದು ಊರಿನಲ್ಲೇ, ಎಂಬತ್ತೆಂಟರಲ್ಲಿ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸೆಲೆಸ್ಟಿನ್ ನರ್ಸ್, ದುಗ್ಗು ವಾರ್ಡ್ ಒರೆಸುವ ಆಯಾ. ಸೆಲೆಸ್ಟಿನ್‌ಳ ಗಂಡ ಮಾರಿಸ್ ಹಡಗಿನಲ್ಲಿ ಕೆಲಸಕ್ಕಿದ್ದವನು. ಇವಳು ಏಳು ತಿಂಗಳ ಬಸುರಿಯಾಗಿದ್ದಾಗ ಅವನು ಎಂಜಿನ್ ಕೋಣೆಯಲ್ಲಿ ಸುಟ್ಟುಹೋದ. ಅವನ ಕಡೆಯವರು ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸೆಲೆಸ್ಟಿನ್‌ಳ ಅಣ್ಣ, ಗ್ರೆಟ್ಟಾಳ ಗಂಡ ಝೇವಿಯರ್ ಆಗಲೇ ದೋಹಾ ಸೇರಿದ್ದ. ಬಾಡಿಗೆ ಕೋಣೆಯಲ್ಲಿ ಹಸಿ ಬಾಣಂತಿಯ ಮೈ ತಿಕ್ಕಿದ್ದು, ಸೊಂಟಕ್ಕೆ ಬಟ್ಟೆ ಕಟ್ಟಿದ್ದು, ಕಟ್ಟಿದ ಮೊಲೆಯನ್ನು ಬಿಸಿಬಟ್ಟೆಯಲ್ಲಿ ಒತ್ತಿ ಹಾಲು ಇಳಿಸಿದ್ದು ದುಗ್ಗು. ಮಗುವನ್ನು ತನ್ನ ಚಾಚಿದ ಕಾಲುಗಳ ಮೇಲೆ ಮಲಗಿಸಿ, ಎಣ್ಣೆ ನೀವಿ, ನೀರು ಹೊಯ್ದದ್ದು ದುಗ್ಗು. ಮಗುವಿಗೆ ರೆನಿಟಾ ಎಂದು ಹೆಸರಿಟ್ಟರು. ಆ ಕೈ ಆ ಮೈಯಿಂದ ಮತ್ತೆ ದೂರವಾಗಲಿಲ್ಲ, ತಾಯಿಯಿಂದಲೂ ಆಗಲಿಲ್ಲ. ಗಂಡ ಹೆಂಡತಿ ಎನ್ನಲು ನಮ್ಮಲ್ಲಿ ಮಾತಿದೆ. ಇವರಿಬ್ಬರನ್ನು ಕರೆಯಲು ಇದ್ದ ಮಾತುಗಳೆಲ್ಲ ಬೈಗುಳಗಳು. ಹೆಸರಿಲ್ಲದೆಯೇ ಇಬ್ಬರೂ ಸಂಸಾರ ಮಾಡಿದರು, ಚೆನ್ನಾಗಿಯೇ ಮಾಡಿದರು.

ಕುವೈತಿನ ಯುದ್ಧ ಮುಗಿದ ವರ್ಷ ದೋಹಾದಿಂದ ನರ್ಸುಗಳನ್ನು ಆರಿಸಲು ಜನ ಬಂದರು. ಸೆಲೆಸ್ಟಿನ್ ಆರಿಸಲ್ಪಟ್ಟಳು. ವಿಧವೆ, ಕೈಯಲ್ಲಿ ಕೂಸು ಎಂದು ಆಸ್ಪತ್ರೆಯ ಅರಬಿ ಮೇಡಂ ಶಿಫಾರಸು ಮಾಡಿ ಮಗುವಿಗೂ ವೀಸಾ ಕೊಡಿಸಿದಳು. ದುಗ್ಗುವಿಗೆ? ಅರ್ಜಿಯಲ್ಲಿ ಗಂಡನಿಗೆ ಜಾಗವಿತ್ತು, ಮಕ್ಕಳಿಗೆ ಜಾಗವಿತ್ತು, ಮನೆಗೆಲಸದವಳಿಗೆ ಜಾಗವಿತ್ತು. ಸೆಲೆಸ್ಟಿನ್ ಎರಡು ದಿನ ಆ ಅರ್ಜಿಯನ್ನು ಮುಂದಿಟ್ಟುಕೊಂಡು ಕೂತಳು. ಮೂರನೆಯ ದಿನ, ಒಂದು ಕಾಗದ ಅಷ್ಟೇ ದುಗ್ಗು, ಬಾಗಿಲ ಹೊರಗೆ ಹಾಗೆ, ಒಳಗೆ ಬಂದ ಮೇಲೆ ನಾವು ನಾವೇ ಎಂದು ಹೇಳಿ ಬರೆದಳು. ದುಗ್ಗು ತಲೆಯಾಡಿಸಿದಳು. ಹೀಗೆ ದುಗ್ಗಮ್ಮ ಗಿರಿಯಪ್ಪ ಕತಾರಿನ ಕಾಗದದಲ್ಲಿ ಖದ್ದಾಮ ಆದಳು, ಅಂದರೆ ಮನೆಯಾಳು. ಸೆಲೆಸ್ಟಿನ್ ಅವಳ ಸ್ಪಾನ್ಸರ್ ಆದಳು, ಅಂದರೆ ವೀಸಾಕ್ಕೆ ಹೊಣೆ ನಿಂತವಳು. ಜೊತೆಗೆ ಬಾಳಬೇಕಾದರೆ ಒಬ್ಬಳು ಒಡತಿಯಾಗಬೇಕು, ಇನ್ನೊಬ್ಬಳು ಆಳಾಗಬೇಕು. ಮೂರನೆಯ ದಾರಿಯನ್ನು ಯಾವ ಸರಕಾರವೂ ಮಾಡಿಟ್ಟಿರಲಿಲ್ಲ, ಇಲ್ಲಿಯದೂ ಮಾಡಿರಲಿಲ್ಲ, ನಮ್ಮದೂ ಮಾಡಿರಲಿಲ್ಲ.

ಮನೆಯೊಳಗೆ ಅವರ ಮಾತು ತುಳು. ರೆನಿಟಾ ಸೆಲೆಸ್ಟಿನ್‌ಳನ್ನು ಮಮ್ಮಿ ಎಂದಳು, ದುಗ್ಗುವನ್ನು ಅಪ್ಪೆ ಎಂದಳು. ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ. ಯಾರೂ ಕಲಿಸಿದ್ದಲ್ಲ. ಎಡವಿ ಬಿದ್ದು ಅಳುವಾಗ ಬಂದ ಮಾತು. ಒಮ್ಮೆ ಝೇವಿಯರನ ಎದುರಿಗೇ ಮಗು ಹಾಗೆ ಕರೆಯಿತು. ಅವನು ಹುಬ್ಬು ಗಂಟಿಕ್ಕಿದ. ಸೆಲೆಸ್ಟಿನ್ ನಕ್ಕು ಮಾತು ತೇಲಿಸಿದಳು. ಆದರೆ ಅವನು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ, ಮತ್ತೊಮ್ಮೆ ಎಳೆದು ನೋಡಿದಳು. ಪೊಲೀಸರಿಗೆ ಒಬ್ಬ ಹೇಳಿದರೆ ಸಾಕು, ಜೈಲು, ಆಮೇಲೆ ಗಡೀಪಾರು, ಮಗು ಯಾರ ಪಾಲಿಗೋ. ಅಂದಿನಿಂದ ಆಟ ಶುರುವಾಯಿತು.

ಆಟದ ನಿಯಮ ಸುಲಭ. ಕಾಲಿಂಗ್ ಬೆಲ್ ಆದ ಕೂಡಲೇ ಆಟ ಶುರು. ದುಗ್ಗು ಅಡುಗೆ ಕೋಣೆಗೆ ಓಡಿ ತಲೆಗೆ ಬಟ್ಟೆ ಕಟ್ಟಬೇಕು. ಅಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಚಾಪೆ ಬಂದವರಿಗೆ ಕಾಣುವಂತೆ ಇರಬೇಕು. ಐದು ವರ್ಷದಲ್ಲಿ ಒಮ್ಮೆಯೂ ಬಿಚ್ಚದ ಚಾಪೆ ಅದು. ರೆನಿಟಾ ಸೋಫಾದಲ್ಲಿ ನೆಟ್ಟಗೆ ಕೂರಬೇಕು. ಬಂದವರು ಕೇಳಿದರೆ ಇವಳು ನಮ್ಮ ಕೆಲಸದವಳು, ಹೆಸರು ದುಗ್ಗು, ಅಡುಗೆ ಕೋಣೆಯಲ್ಲಿ ಮಲಗ್ತಾಳೆ ಎನ್ನಬೇಕು. ಮೂರೂ ಉತ್ತರ ತಪ್ಪದೆ ಹೇಳಿದರೆ ಒಂದು ಚಾಕೊಲೇಟ್. ಬಂದವರು ಹೋಗಿ, ಬಾಗಿಲಿಗೆ ಚಿಲಕ ಬಿದ್ದು, ಸೆಲೆಸ್ಟಿನ್ ಖಲಾಸ್ ಎಂದು ಚಪ್ಪಾಳೆ ತಟ್ಟಿದರೆ ಆಟ ಮುಗಿಯಿತು. ರೆನಿಟಾ ಅಪ್ಪೇ ಎಂದು ಕಿರುಚುತ್ತ ಓಡಿ ಬಂದು ದುಗ್ಗುವಿನ ತೊಡೆಯೇರುತ್ತಿದ್ದಳು.

ನಗುತ್ತಿದ್ದರು, ಮೂವರೂ. ಆದರೆ ಅಡುಗೆ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತು, ಎಲ್ಲಿಂದ ಸಿಕ್ಕಿದಳು ಮಾರಾಯ್ತಿ ಇಷ್ಟು ಒಳ್ಳೆ ಕೆಲಸದವಳು ಎಂದು ಬಂದ ಹೆಂಗಸರು ಹೊಗಳುವುದನ್ನು ಕೇಳುವಾಗ ದುಗ್ಗುವಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಸೆಲೆಸ್ಟಿನ್‌ಳಿಗೆ ಹೇಳಿದಳು ಕೂಡ. ಮಗುವಿಗೆ ಇದನ್ನು ಆಟ ಮಾಡಿ ಕಲಿಸುವುದು ಬೇಡ ಎಂದಳು. ಆಟ ಅಲ್ಲದೆ ಮತ್ತೆ ಹೇಗೆ ಕಲಿಸುವುದು, ಹೆದರಿಸಿಯೇ ಎಂದು ಸೆಲೆಸ್ಟಿನ್ ಕೇಳಿದಳು.

ತೊಂಬತ್ತಾರರ ಮಾರ್ಚಿನಲ್ಲಿ ಸೆಲೆಸ್ಟಿನ್ ಡ್ಯೂಟಿಯಲ್ಲಿದ್ದಾಗಲೇ ಕುಸಿದಳು. ಮಿದುಳಿನ ನರ ಒಡೆದಿತ್ತು. ಮೂರು ದಿನ ಮೆಷಿನ್ನಿನ ಉಸಿರಿನಲ್ಲಿ ಇದ್ದಳು. ಒಳಗೆ ಬಿಡುವುದು ಸಂಬಂಧಿಕರನ್ನು ಮಾತ್ರ. ಪಟ್ಟಿಯಲ್ಲಿ ಝೇವಿಯರನ ಹೆಸರಿತ್ತು, ಗ್ರೆಟ್ಟಾಳ ಹೆಸರೂ ಇತ್ತು. ದುಗ್ಗು ಎರಡು ದಿನ ಹೊರಗಿನ ಬೆಂಚಿನಲ್ಲಿ ಕೂತಳು. ಮೂರನೆಯ ದಿನ ಸೆಲೆಸ್ಟಿನ್‌ಳ ಜೊತೆ ಕೆಲಸ ಮಾಡುತ್ತಿದ್ದ ನರ್ಸೊಬ್ಬಳು ಕರುಣೆಯಿಂದ, ಇವಳು ಅವರ ಖದ್ದಾಮ, ಬಟ್ಟೆ ಒಯ್ಯಲು ಬಂದಿದ್ದಾಳೆ ಎಂದು ಕಾವಲಿನವನಿಗೆ ಹೇಳಿ ಹತ್ತು ನಿಮಿಷ ಒಳಗೆ ಬಿಟ್ಟಳು. ದುಗ್ಗು ಸಮವಸ್ತ್ರವನ್ನು ಮಡಚುತ್ತ ಮಡಚುತ್ತ ಸೆಲೆಸ್ಟಿನ್‌ಳ ಪಾದ ಹಿಡಿದುಕೊಂಡಳು. ಪಾದ ತಣ್ಣಗಿತ್ತು. ಮುಖ ಮುಟ್ಟಲು ಧೈರ್ಯವಾಗಲಿಲ್ಲ, ಗಾಜಿನಾಚೆ ಜನರಿದ್ದರು. ಕೆಲಸದವಳು ಯಜಮಾನಿಯ ಮುಖಕ್ಕೆ ಮುಖ ಇಡುತ್ತಾಳೆಯೇ?

ಶವವನ್ನು ಪೆಟ್ಟಿಗೆಯಲ್ಲಿ ಊರಿಗೆ ಕಳಿಸಿದರು. ತಾನೂ ಹೋಗುತ್ತೇನೆ, ಮಣ್ಣಿಗೆ ಇಡುವುದನ್ನು ನೋಡಿ ಬರುತ್ತೇನೆ ಎಂದು ದುಗ್ಗು ಕೇಳಿದಳು. ಝೇವಿಯರ್ ಒಂದು ಕಂಪನಿಯ ಪರ್ಚೇಸ್ ಮ್ಯಾನೇಜರ್, ಕಾಯಿದೆ ಕಾನೂನು ಬಲ್ಲವನು. ಸಾವಕಾಶವಾಗಿ ಬಿಡಿಸಿ ಹೇಳಿದ.

“ದೇಶ ಬಿಡ್ಬೇಕಾದ್ರೆ ಎಕ್ಸಿಟ್ ಪರ್ಮಿಟ್ ಬೇಕು ದುಗ್ಗು. ಅದಕ್ಕೆ ಸ್ಪಾನ್ಸರಿನ ಸಹಿ ಬೇಕು. ನಿನ್ನ ಸ್ಪಾನ್ಸರ್ ಸೆಲೆಸ್ಟಿನ್. ಈಗ ಸಹಿ ಯಾರು ಹಾಕುದು?”

ಸಹಿ ಹಾಕಬೇಕಾದವಳು ಪೆಟ್ಟಿಗೆಯೊಳಗೆ ಮಲಗಿದ್ದಳು. ಪೆಟ್ಟಿಗೆ ವಿಮಾನ ಹತ್ತಿತು. ದುಗ್ಗು ಬಿನ್ ಒಮ್ರಾನಿನ ಫ್ಲಾಟಿನಲ್ಲಿ, ಪ್ರಾರ್ಥನೆಗೆ ಬಂದ ನಲವತ್ತು ಜನರಿಗೆ ಕಾಫಿ ಮಾಡಿದಳು. ಟ್ರೇ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗಿದಳು. ಪಾಪ, ಒಳ್ಳೆ ಯಜಮಾನಿಯನ್ನು ಕಳಕೊಂಡಳು ಎಂದು ಒಬ್ಬಾಕೆ ಅವಳ ಬೆನ್ನು ಸವರಿದಳು. ಕೆಲಸದವಳಿಗೆ ಸಲ್ಲುವಷ್ಟು ಅತ್ತು, ಮಿಕ್ಕದ್ದನ್ನು ದುಗ್ಗು ನುಂಗಿಕೊಂಡಳು. ರೆನಿಟಾ ಸೋಫಾದಲ್ಲಿ ನೆಟ್ಟಗೆ ಕೂತಿದ್ದಳು. ಬೆಲ್ ಆಗುತ್ತಲೇ ಇತ್ತು, ಜನ ಬರುತ್ತಲೇ ಇದ್ದರು. ಎಲ್ಲರೂ ಹೋದ ಮೇಲೆ ಖಲಾಸ್ ಎನ್ನಬೇಕಾದವಳು ಇರಲಿಲ್ಲ.

ವಾರದೊಳಗೆ ಝೇವಿಯರ್ ಫ್ಲಾಟು ಖಾಲಿ ಮಾಡಿಸಿ ಇಬ್ಬರನ್ನೂ ಅಲ್ ಅಜೀಜಿಯಾದ ತನ್ನ ವಿಲ್ಲಾಕ್ಕೆ ಕರೆತಂದ. ಸೋಫಾ, ಟಿ.ವಿ., ಮಗು ಒಳಗೆ ಹೋದವು. ದುಗ್ಗುವಿಗೆ ಕಾಂಪೌಂಡಿನಲ್ಲಿ ನೀರಿನ ಟ್ಯಾಂಕಿನ ಪಕ್ಕದ ಸ್ಟೋರ್ ರೂಮು. ಎ.ಸಿ. ಇಲ್ಲ. ಬಿನ್ ಒಮ್ರಾನಿನ ಚಾಪೆಯನ್ನು ಅವಳು ಅಲ್ಲಿ ಮೊದಲ ಸಲ ಬಿಚ್ಚಿದಳು.

ಐದು ವರ್ಷ ನಟಿಸಿದ್ದನ್ನು ಈಗ ನಿಜಕ್ಕೂ ಮಾಡಬೇಕಾಯಿತು. ಐದು ಗಂಟೆಗೆ ಏಳಬೇಕು. ಮೂರು ಬಾತ್‌ರೂಮು, ಐದು ಕೋಣೆ, ಅಂಗಳದ ಮರಳು. ಗುಡಿಸಿದಷ್ಟೂ ಗಾಳಿ ಅದನ್ನು ಮರಳಿ ತಂದು ಹಾಕುತ್ತಿತ್ತು. ಕಾರ್ಪೆಟ್ಟನ್ನು ಮೊಣಕಾಲೂರಿ ಉಜ್ಜಬೇಕು. ಶುಕ್ರವಾರ ಅಲ್ಲಿ ರಜೆ, ಬೆಳಿಗ್ಗೆ ಪಾದ್ರಿಗಳ ಪೂಜೆ ಮುಗಿಸಿ ಹನ್ನೆರಡು ಹದಿನಾಲ್ಕು ಜನ ಊಟಕ್ಕೆ ಬರುತ್ತಿದ್ದರು. ಅವರಿಗೆ ಸಣ್ಣಾಂ ಎಂಬ ಇಡ್ಲಿ, ಕೋಳಿ, ಅಂಜಲ್ ಮೀನು. ದೊಡ್ಡ ಪಾತ್ರೆಯ ತಳ ತಿಕ್ಕಿ ತಿಕ್ಕಿ ಸೊಂಟ ಹಿಡಿಯುತ್ತಿತ್ತು. ಬ್ಲೀಚಿಗೆ ಬೆರಳ ಸಂದಿ ಒಡೆದು ರಕ್ತ ಜಿನುಗಿತು. ಮೈ ದುಡಿತವನ್ನು ಬಲ್ಲದು, ಅದು ಅವಳಿಗೆ ದೊಡ್ಡ ಮಾತಲ್ಲ. ಒಳಗಿನ ಕೋಣೆಯಲ್ಲಿ ರೆನಿಟಾಳ ತಲೆ ಬಾಚುವ ಕೈ ಬೇರೆಯದಾಗಿತ್ತು, ಅದನ್ನು ತಾಳಲಾಗುತ್ತಿರಲಿಲ್ಲ. ಗ್ರೆಟ್ಟಾ ಎಳೆದೆಳೆದು ಬಾಚುತ್ತಿದ್ದಳು. ರೆನಿಟಾ ಅಳುತ್ತಿರಲಿಲ್ಲ.

ರೆನಿಟಾ ಅಪ್ಪೆ ಎನ್ನುವುದನ್ನು ಬಿಟ್ಟಿದ್ದಳು. ಯಾರೂ ಇಲ್ಲದಾಗಲೂ ಅನ್ನುತ್ತಿರಲಿಲ್ಲ. ಒಂದು ಸಂಜೆ ದುಗ್ಗು ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅವಳು ಬೆಡ್‌ಶೀಟಿನ ಮರೆಗೆ ಬಂದು ನಿಂತಳು. ಎಂಟು ವರ್ಷದ ಮಗು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದಳು.

“ಈ ಮನೆಯಲ್ಲಿ ಆಟ ಯಾವಾಗ ಮುಗೀತದೆ?”

ದುಗ್ಗು ಒಂದೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಮಗು ಊಟದ ಮೇಜಿನಲ್ಲಿ ಬಾಯಿ ಬಿಟ್ಟೀತು, ತನ್ನನ್ನು ಹೊರಗೆ ಹಾಕಿಯಾರು ಎಂಬ ಹೆದರಿಕೆ. ಸ್ವಲ್ಪ ದಿನ ಮಗಾ ಎಂದಳು. ತನ್ನ ಹೇಡಿತನ ತನಗೇ ಹೇಸಿಗೆಯಾಯಿತು.

ರೆನಿಟಾಳಿಗೆ ಆಟ ಸಾಕಾಗಿತ್ತೋ, ತಟ್ಟೆಯ ಬೊಟ್ಟು ಕಣ್ಣಿಗೆ ಬಿದ್ದಿತ್ತೋ, ಮುಂದಿನ ಶುಕ್ರವಾರ ಅವಳ ತಟ್ಟೆಯ ಅಡಿಯಲ್ಲೂ ಕೆಂಪು ಬೊಟ್ಟು ಕಂಡಿತು. ಗ್ರೆಟ್ಟಾಳ ಉಗುರುಬಣ್ಣ ಕದ್ದು ತಾನೇ ಹಚ್ಚಿಕೊಂಡಿದ್ದಳು. ಬೆರಳಿಗೂ ಮೆತ್ತಿತ್ತು. ಯಾಕೆಂದು ಕೇಳಿದರೆ, ಈ ತಟ್ಟೆಯವರು ಅಡುಗೆ ಕೋಣೆಯಲ್ಲಿ ಉಣ್ಣಬೇಕಲ್ಲ, ನಾನೂ ಅಲ್ಲಿಗೇ ಹೋಗ್ತೇನೆ ಎಂದಳು. ಊಟಕ್ಕೆ ಬಂದವರೆಲ್ಲ ಚಮಚ ಕೆಳಗಿಟ್ಟು ಗ್ರೆಟ್ಟಾಳನ್ನು ನೋಡಿದರು. ಗ್ರೆಟ್ಟಾ ಮಗುವಿನ ಕೆನ್ನೆಗೆ ಬಾರಿಸಿದಳು. ಸದ್ದು ಅಡುಗೆ ಕೋಣೆಗೆ ಕೇಳಿತು. ದುಗ್ಗುವಿನ ಕೈಯಲ್ಲಿ ಕುದಿಯುವ ಸಾರಿನ ಸೌಟು ಇತ್ತು. ಆ ಸೌಟನ್ನು ಹಿಡಿದುಕೊಂಡು ಒಳಗೆ ನುಗ್ಗಬೇಕು ಅನಿಸಿತು. ನುಗ್ಗಲಿಲ್ಲ. ಬಡಿಸಿದಳು.

ಆಮೇಲೆ ರೆನಿಟಾ ಬುದ್ಧಿ ಕಲಿತಳು. ಝೇವಿಯರನ ಮಕ್ಕಳ ಹಾಗೆಯೇ ಬಾಗಿಲಲ್ಲಿ ನಿಂತು, ದುಗ್ಗು, ನನ್ನ ಶೂ ತಾ ಎಂದಳು. ದುಗ್ಗು ತಂದಳು. ಮೊಣಕಾಲೂರಿ ಲೇಸು ಕಟ್ಟಿದಳು. ಮಗು ಅಷ್ಟು ಹೊತ್ತೂ ಮೇಲೆ ಸೀಲಿಂಗ್ ಫ್ಯಾನನ್ನೇ ನೋಡುತ್ತಿತ್ತು.

ಏಪ್ರಿಲ್ ಕೊನೆಯ ಹೊತ್ತಿಗೆ ಝೇವಿಯರ್ ಕಾಗದಪತ್ರ ತಯಾರು ಮಾಡಿದ. ಒಂದು, ರೆನಿಟಾಳಿಗೆ ತಾನೇ ಪಾಲಕ ಎಂಬುದು. ಇನ್ನೊಂದು, ದುಗ್ಗುವನ್ನು ಅವನ ಹೆಸರಿಗೆ ವರ್ಗ ಮಾಡುವ ಮನೆಗೆಲಸದ ಕರಾರು. ಎರಡಕ್ಕೂ ನಮ್ಮ ದೇಶದ ಎಂಬೆಸಿಯ ಮುದ್ರೆ ಬೇಕು, ಕರಾರಿಗೆ ದುಗ್ಗು ಅಲ್ಲಿಯೇ ಸಹಿ ಹಾಕಬೇಕು. ಹಿಂದಿನ ದಿನ ಅವನು ಸ್ಟೋರ್ ರೂಮಿನ ತನಕ ಬಂದ. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತ. ಕೆಟ್ಟವನಲ್ಲ, ತಂಗಿಯ ಫೋಟೋದ ಮುಂದೆ ಒಬ್ಬನೇ ಕೂತು ಅತ್ತದ್ದನ್ನು ದುಗ್ಗು ನೋಡಿದ್ದಳು. ಆದರೆ ಒಳ್ಳೆಯವರ ಬಾಯಿಂದ ಬರುವ ಬೆದರಿಕೆ ಇನ್ನೂ ಆಳಕ್ಕೆ ಇಳಿಯುತ್ತದೆ.

“ನಿಮ್ಮಿಬ್ಬರ ವಿಷಯ ನನಗೆ ಗೊತ್ತಿಲ್ಲ ಅಂತ ತಿಳ್ಕೊಳ್ಬೇಡ. ಗೊತ್ತಿದ್ದೂ ಸೇರಿಸಿಕೊಂಡದ್ದು. ಸಹಿ ಹಾಕಿದ್ರೆ ಮಗು ನಿನ್ನ ಕಣ್ಣೆದುರಿಗೆ ಬೆಳೀತದೆ. ಇಲ್ಲದಿದ್ರೆ ನೀನು ಊರಿಗೆ, ಮಗುವಿನ ಮುಖ ಮತ್ತೆ ನೋಡ್ಲಿಕ್ಕಿಲ್ಲ. ನಿನ್ನ ಇಷ್ಟ.”

ಇಷ್ಟ ಎಲ್ಲಿಂದ ಬಂತು? ಅವಳ ಪಾಸ್‌ಪೋರ್ಟು ಅವನ ಕಪಾಟಿನಲ್ಲಿತ್ತು. ಮಗು ಅವನ ಮನೆಯಲ್ಲಿತ್ತು. ಕೋರ್ಟಿಗೆ ಹೋಗೋಣ ಎಂದರೆ ಏನೆಂದು ಹೋಗುವುದು? ನಾನು ಅವಳ ಹೆಂಡತಿ ಎಂದರೆ ಜೈಲು. ಕೆಲಸದವಳು ಎಂದರೆ ಹಕ್ಕಿಲ್ಲ. ಸತ್ತವಳ ಹೆಸರಿಗೂ ಮಸಿ, ಶಾಲೆಯಲ್ಲಿ ಮಗುವಿಗೂ ಮಸಿ. ದುಗ್ಗು ಎಲ್ಲ ಕಡೆಯಿಂದಲೂ ಯೋಚಿಸಿ ನೋಡಿದಳು. ಎಲ್ಲ ಕಡೆಯೂ ಗೋಡೆ. ಆಳಾಗಿಯಾದರೂ ಸರಿ, ಮಗು ಕಣ್ಣೆದುರಿಗೆ ಇರಲಿ ಎಂದು ತೀರ್ಮಾನಿಸಿದಳು. ಮರುದಿನ ಸಹಿ ಹಾಕಲೆಂದೇ ಹೋದಳು.

ಎಂಬೆಸಿಯಲ್ಲಿ ಇವರ ಕಾಗದ ನೋಡಿದ್ದು ಶಾಹುಲ್ ಹಮೀದ್ ಎಂಬ ಗುಮಾಸ್ತ. ಉಳ್ಳಾಲದವನು, ಐವತ್ತರ ಮೇಲಿನ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ. ಮೇಜಿನ ಈಚೆ ಮೂರು ಕುರ್ಚಿ. ಒಂದರಲ್ಲಿ ಝೇವಿಯರ್, ಒಂದರಲ್ಲಿ ರೆನಿಟಾ, ಮೂರನೆಯದರಲ್ಲಿ ಝೇವಿಯರನ ಬ್ರೀಫ್‌ಕೇಸು. ದುಗ್ಗು ಹಿಂದೆ ನಿಂತಳು. ನಿಲ್ಲುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು, ಬ್ರೀಫ್‌ಕೇಸಿನ ಮೇಲೆ ಸಿಟ್ಟು ಕೂಡ ಬರಲಿಲ್ಲ.

ಸಹಿ ಹಾಕುವವರಿಗೆ ಅರ್ಥವಾಗಬೇಕು ಎಂದು ಹೇಳಿ ಶಾಹುಲ್ ಹಮೀದ್ ಕರಾರನ್ನು ಕನ್ನಡದಲ್ಲಿ ಓದಿ ಹೇಳಿದ. ದುಗ್ಗಮ್ಮ ಗಿರಿಯಪ್ಪ ಆದ ನಾನು ಮೃತರ ಮನೆಗೆಲಸದವಳು. ಮೃತರ ಸೊತ್ತಿನ ಮೇಲಾಗಲಿ, ಮಗುವಿನ ಮೇಲಾಗಲಿ, ಕುಟುಂಬದ ಮೇಲಾಗಲಿ ನನಗೆ ಯಾವ ಹಕ್ಕೂ ಇಲ್ಲ, ಹಿಂದೆಯೂ ಇರಲಿಲ್ಲ. ಹಿಂದೆಯೂ ಇರಲಿಲ್ಲ ಎಂಬಲ್ಲಿ ದುಗ್ಗು ಮುಂದಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅವನು ಪೆನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಂಡಳು. ಒಡೆದ ಬೆರಳಿಗೆ ಪೆನ್ನು ತಾಗಿ ಉರಿಯಿತು.

ಸಹಿ ಬೀಳುವ ಮೊದಲು ಶಾಹುಲ್ ಹಮೀದನಿಗೆ ಇನ್ನೊಂದು ಕಾಗದ ನೆನಪಾಯಿತು. ಪಾಲಕನ ಅರ್ಜಿ ಬಂದಾಗ ಮಗುವನ್ನೂ ಒಂದು ಮಾತು ಕೇಳುವುದು ಅವನ ಪದ್ಧತಿ. ಕನ್ನಡಕ ಮೇಲೇರಿಸಿ, ರೆನಿಟಾಳ ಕಡೆ ಬಾಗಿ, ನಿನಗೆ ಯಾರ ಹತ್ತಿರ ಇರಲು ಇಷ್ಟ ಎಂದು ತುಳುವಿನಲ್ಲೇ ಕೇಳಿದ. ಮಗು ತನ್ನ ಶೂಗಳನ್ನು ನೋಡಿತು. ಝೇವಿಯರ್ ವಾಚು ನೋಡಿಕೊಂಡ. ಶಾಹುಲ್ ಹಮೀದ್ ಸುಲಭದ ಪ್ರಶ್ನೆ ಎಂದುಕೊಂಡು ಹಿಂದೆ ನಿಂತವಳನ್ನು ತೋರಿಸಿದ.

“ಇವರು ನಿನಗೆ ಯಾರು ಮಗಾ?”

ರೆನಿಟಾ ನೆಟ್ಟಗೆ ಕೂತಳು. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ನಮ್ಮ ಕೆಲಸದವಳು. ಹೆಸರು ದುಗ್ಗು. ಅಡುಗೆ ಕೋಣೆಯಲ್ಲಿ ಮಲಗ್ತಾಳೆ.”

ಕೇಳಿದ್ದು ಒಂದೇ ಪ್ರಶ್ನೆ. ಮಗು ಮೂರೂ ಉತ್ತರ ಹೇಳಿತು. ಝೇವಿಯರ್ ತೃಪ್ತಿಯಿಂದ ಬೆನ್ನು ಒರಗಿಸಿದ. ರೆನಿಟಾ ಕತ್ತು ತಿರುಗಿಸಿ ದುಗ್ಗುವಿನ ಮುಖ ನೋಡಿದಳು. ಹುಬ್ಬು ಮೇಲೇರಿತ್ತು. ತಪ್ಪದೆ ಹೇಳಿದೆನಾ ಎಂದು ಚಾಕೊಲೇಟಿಗೆ ಕಾಯುವಾಗಿನ ಅದೇ ಮುಖ.

ದುಗ್ಗು ಆ ಮುಖವನ್ನು ಗುರುತಿಸಿದಳು. ಇಷ್ಟು ದಿನ ಮಗು ತನ್ನನ್ನು ಮರೆಯುತ್ತಿದೆ ಎಂದುಕೊಂಡಿದ್ದಳು. ಮಗು ಮರೆತಿರಲಿಲ್ಲ. ಕಾವಲು ನಿಂತಿತ್ತು. ಶೂ ತಾ ಎಂದಾಗ ಫ್ಯಾನು ನೋಡಿದ್ದು ಅದಕ್ಕೆ. ಯಾರೂ ಇಲ್ಲದಾಗಲೂ ಅಪ್ಪೆ ಎನ್ನದಿದ್ದದ್ದು ಅದಕ್ಕೆ. ಅಮ್ಮ ಸತ್ತ ಮಗು ಕಪಾಳಕ್ಕೆ ಏಟು ತಿಂದುಕೊಂಡು, ಅಳದೆ, ಇನ್ನೊಬ್ಬ ಅಮ್ಮನನ್ನು ಪೊಲೀಸರಿಂದ ಕಾಯುತ್ತಿತ್ತು. ಅದನ್ನು ಕಲಿಸಿದವರು ತಾವಿಬ್ಬರು. ಈಗ ಈ ಕಾಗದಕ್ಕೆ ಸಹಿ ಬಿದ್ದರೆ ಮಗು ಹತ್ತು ವರ್ಷ ಕಾಯಬೇಕು, ಇಪ್ಪತ್ತು ವರ್ಷ ಕಾಯಬೇಕು. ಬೆಳೆದ ಹೆಂಗಸಾಗಿ ಒಂದು ದಿನ ಅದನ್ನೇ ನಿಜ ಎಂದು ನಂಬಬೇಕು.

ದುಗ್ಗು ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಬ್ರೀಫ್‌ಕೇಸನ್ನು ಎತ್ತಿ ನೆಲಕ್ಕೆ ಇಳಿಸಿದಳು. ಕುರ್ಚಿಯಲ್ಲಿ ಕೂತಳು.

ಏಳು ಎಂದ ಝೇವಿಯರ್. ಮೊದಲು ಮೆಲ್ಲಗೆ, ಮತ್ತೆ ಗಟ್ಟಿಯಾಗಿ. ಅವನ ಜೊತೆ ಮಾತು ಅವಳಿಗೆ ಬೇಕಿರಲಿಲ್ಲ.

“ಖಲಾಸ್, ರೆನ್ನಿ,” ಎಂದಳು.

ರೆನಿಟಾ ಗಾಬರಿಯಿಂದ ಮಾವನನ್ನು ನೋಡಿದಳು, ಗುಮಾಸ್ತನನ್ನು ನೋಡಿದಳು. “ಜನ ಇದ್ದಾರಲ್ಲಾ?” ಎಂದು ಪಿಸುಗುಟ್ಟಿದಳು.

“ಇರ್ಲಿ. ಆಟ ಮುಗೀತು. ಇನ್ನು ಆ ಆಟ ಇಲ್ಲ.”

ಮಗು ಕುರ್ಚಿಯಿಂದ ಇಳಿಯಿತು. ಎರಡು ಹೆಜ್ಜೆ ಇಟ್ಟು ನಿಂತಿತು, ಚಪ್ಪಾಳೆಗೆ ಕಾಯುವಂತೆ. ದುಗ್ಗು ಒಡೆದ ಎರಡು ಕೈಗಳನ್ನೂ ಎತ್ತಿ ಒಮ್ಮೆ ತಟ್ಟಿದಳು. ರೆನಿಟಾ ಬಂದು ಅವಳ ತೊಡೆಯೇರಿ, ಕುತ್ತಿಗೆಗೆ ಮುಖ ಒತ್ತಿ, ಅಪ್ಪೆ ಎಂದಳು. ಸೆಲೆಸ್ಟಿನ್ ಸತ್ತ ಮೇಲೆ ಮೊದಲ ಸಲ. ಆಮೇಲೆ ಅತ್ತಳು. ಅಷ್ಟು ದಿನದ ಅಳು ಒಟ್ಟಿಗೇ ಬಂತು.

ಶಾಹುಲ್ ಹಮೀದ್ ಉಳ್ಳಾಲದವನು. ಅಪ್ಪೆ ಎಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ನಾನು ಕೆಲಸದವಳಲ್ಲ ಸಾಹೇಬ್ರೆ,” ಎಂದಳು ದುಗ್ಗು. “ವೀಸಾದಲ್ಲಿ ಬರೆದದ್ದು ಸುಳ್ಳು, ನಾವೇ ಬರೆಸಿದ್ದು. ಈ ಮಗುವಿಗೆ ಇಬ್ಬರು ಅಮ್ಮಂದಿರು. ಒಬ್ಬಳು ಸತ್ತಳು. ಇನ್ನೊಬ್ಬಳು ನಾನು. ಹಾಗೆ ಬರೀರಿ.”

ಝೇವಿಯರ್ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು. ತಲೆ ಕೆಟ್ಟಿದೆ ಇವಳಿಗೆ, ಯಜಮಾನಿ ಸತ್ತ ಮೇಲೆ ಹೀಗೇ ಆಡ್ತಿದ್ದಾಳೆ ಎಂದ. ಪೊಲೀಸರನ್ನು ಕರೆಯಬೇಕಾಗುತ್ತದೆ ಎಂದ. ಶಾಹುಲ್ ಹಮೀದ್ ಅವನಿಗೆ ಕೂರಲು ಕೈಸನ್ನೆ ಮಾಡಿದ. ದುಗ್ಗುವಿನ ಕಡೆ ಬಾಗಿ, ಬಹಳ ತಗ್ಗಿದ ದನಿಯಲ್ಲಿ ಹೇಳಿದ.

“ಹಾಗೆ ಬರೀಲಿಕ್ಕೆ ಇದರಲ್ಲಿ ಜಾಗ ಇಲ್ಲ ತಂಗಿ. ನಾನು ಏನೂ ಕೇಳ್ಲಿಲ್ಲ ಅಂತ ಇಟ್ಕೊಳ್ತೇನೆ. ಒಂದು ಸಹಿ ಹಾಕಿ, ಮಗುವಿನ ಹತ್ತಿರವಾದ್ರೂ ಇರಿ.”

“ಕೆಲಸದವಳು ಅಂತ ಬರೀಲಿಕ್ಕೆ ಜಾಗ ಇತ್ತಲ್ಲಾ,” ಎಂದಳು ದುಗ್ಗು. “ಸಹಿ ಹಾಕುದಿಲ್ಲ.”

ಮುಂದೆ ಆಗಬೇಕಾದದ್ದೆಲ್ಲ ಆಯಿತು. ಝೇವಿಯರ್ ಅವಳ ವೀಸಾ ರದ್ದು ಮಾಡಿಸಿದ. ಹನ್ನೊಂದು ದಿನ ಅವಳನ್ನು ಬೇರೆ ಬೇರೆ ದೇಶದ ಖದ್ದಾಮಗಳ ಜೊತೆ ಒಂದು ಕೋಣೆಯಲ್ಲಿ ಕೂಡಿಹಾಕಿದರು, ಆಮೇಲೆ ಬೊಂಬಾಯಿಯ ವಿಮಾನ ಹತ್ತಿಸಿದರು. ಹೆಂಡತಿಯ ಹೆಣದ ಜೊತೆ ಹೋಗುತ್ತೇನೆ ಎಂದಾಗ ಸಹಿ ಬೇಕಾಗಿತ್ತು. ಅಟ್ಟುವಾಗ ಯಾರ ಸಹಿಯೂ ಬೇಕಾಗಲಿಲ್ಲ. ಪಾಲಕನ ಕಾಗದಕ್ಕೆ ಮುದ್ರೆ ಬಿತ್ತು. ರೆನಿಟಾ ಅಲ್ ಅಜೀಜಿಯಾದಲ್ಲೇ ಉಳಿದಳು. ಕಾನೂನಿನ ಪ್ರಕಾರ ಯಾರಿಗೂ ಯಾವ ಅನ್ಯಾಯವೂ ಆಗಲಿಲ್ಲ, ಏಕೆಂದರೆ ಕಾನೂನಿನ ಪ್ರಕಾರ ಅಲ್ಲಿ ಒಂದು ಸಂಸಾರವೇ ಇರಲಿಲ್ಲ.

ಇದೆಲ್ಲ ಬರುತ್ತದೆ ಎಂದು ದುಗ್ಗುವಿಗೆ ಆ ಕುರ್ಚಿಯಲ್ಲಿ ಕೂತಾಗಲೇ ಗೊತ್ತಿತ್ತು. ಗೊತ್ತಿದ್ದೇ ಅವಳು ಆಗ ಮಗುವನ್ನು ತೊಡೆಯ ಮೇಲೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಎಳೆಗೂಸಾಗಿದ್ದಾಗ ಎಣ್ಣೆ ಹಚ್ಚಿಸಿಕೊಂಡು ಇದೇ ಕಾಲಿನ ಮೇಲೆ ಮಲಗುತ್ತಿದ್ದ ಮಗು ಈಗ ಉದ್ದವಾಗಿತ್ತು, ಶೂಗಳು ನೆಲಕ್ಕೆ ತಾಗುತ್ತಿದ್ದವು.

ಅಷ್ಟರಲ್ಲಿ ಎಂಬೆಸಿಯ ಒಳಗಿನ ಕೋಣೆಯಿಂದ ಮೇಲಧಿಕಾರಿ ಬೆಲ್ ಒತ್ತಿದರು, ಮುಂದಿನವರನ್ನು ಕಳಿಸಲು. ಬೆಲ್ ಉದ್ದಕ್ಕೆ ಮೊಳಗಿತು. ರೆನಿಟಾ ಒಮ್ಮೆಲೇ ನೆಟ್ಟಗಾದಳು. ಎರಡೂ ಶೂಗಳನ್ನು ನೆಲಕ್ಕೆ ಊರಿ ಅವಳು ಇಳಿಯಲು ಹೊರಟಳು. ದುಗ್ಗು ಅವಳನ್ನು ಹಿಡಿದು ನಿಲ್ಲಿಸಲಿಲ್ಲ, ಸುಮ್ಮನೆ ಕೂತಿದ್ದಳು. ಮಗು ಅವಳ ಮುಖ ನೋಡಿತು. ತಲೆಗೆ ಬಟ್ಟೆ ಕಟ್ಟಲು ದುಗ್ಗುವಿನ ಕೈ ಮೇಲೇಳಲಿಲ್ಲ.

ಬೆಲ್ ಇನ್ನೊಮ್ಮೆ ಆಯಿತು. ರೆನಿಟಾ ಇಳಿಯಲಿಲ್ಲ.